ಹನ್ನೊಂದನೆಯ ಕಾಲಂ

ಸಹಿ ಹಾಕಿದ ಮೇಲೂ ಅವಳ ಕೈ ಕಾಗದದ ಮೇಲಿಂದ ಏಳಲಿಲ್ಲ. ಸಹಿಯಲ್ಲಿ ತಪ್ಪಿರಲಿಲ್ಲ; ಇಪ್ಪತ್ತೆರಡು ವರ್ಷದಿಂದ ಹಾಕುತ್ತ ಬಂದದ್ದು, ಕಣ್ಣು ಮುಚ್ಚಿ ಹಾಕಿದರೂ ಅದೇ ಬಳುಕು, ಅದೇ ಅಡಿಗೆರೆ. ಕಾಗದದಲ್ಲೂ ತಪ್ಪಿರಲಿಲ್ಲ. ಮೇಲಿನ ಕಚೇರಿಯವರು ಎಲ್ಲವನ್ನೂ ತಾವೇ ಟೈಪು ಮಾಡಿ ಕಳಿಸಿದ್ದರು, ಹೆಡ್‌ಮಿಸ್ ಆದವಳು ಕೆಳಗೊಂದು ಹೆಸರು ಗೀಚಿ ಸಂಜೆ ಐದರೊಳಗೆ ಮುಟ್ಟಿಸಿದರೆ ಮುಗಿಯಿತು. ‘ನಮ್ಮ ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳು ಯಾರೂ ಇರುವುದಿಲ್ಲವಾದ್ದರಿಂದ, ಆರನೆಯ ಶಿಕ್ಷಕಿಯನ್ನು ಹೆಚ್ಚುವರಿ ಎಂದು ಪರಿಗಣಿಸಿ ಬೇರೆಡೆಗೆ ಕಳಿಸಲು ನಮ್ಮ ಆಕ್ಷೇಪಣೆ ಇರುವುದಿಲ್ಲ.’ ಒಂದೇ ವಾಕ್ಯದಲ್ಲಿ ಎರಡು ಸಲ ‘ಇರುವುದಿಲ್ಲ’. ತಾನು ಮಕ್ಕಳಿಗೆ ಪ್ರಬಂಧ ತಿದ್ದುವಾಗ ಇಂಥದ್ದನ್ನು ಕೆಂಪು ಶಾಯಿಯಲ್ಲಿ ಸುತ್ತುತ್ತಿದ್ದೆ ಎಂದುಕೊಂಡಳು. ಬಾಗಿಲಲ್ಲಿ ಜವಾನ ಚೀಲ ಹೆಗಲಿಗೇರಿಸಿ ನಿಂತಿದ್ದ.

“ಕೊಡಿ ಮೇಡಂ, ಹತ್ತರ ಬಸ್ಸಿಗೆ ಹೋಗಿ ಕೊಟ್ಟು ಬಂದ್ಬಿಡ್ತೀನಿ.”

ಕೊಡಲು ಕೈ ಚಾಚಿದಳು. ಅಷ್ಟರಲ್ಲಿ ಎರಡನೆಯ ತರಗತಿಯಿಂದ ಬೆಂಚು ಉರುಳಿದ ಸದ್ದು, ಅದರ ಹಿಂದೆಯೇ ಮೂವತ್ತು ಕಂಠಗಳ ಗಲಾಟೆ ಬಂತು. ಎರಡನೆಯ ತರಗತಿಯ ಟೀಚರು ಹೆರಿಗೆ ರಜೆಯಲ್ಲಿದ್ದಳು, ಬದಲಿಗೆ ಯಾರೂ ಬಂದಿರಲಿಲ್ಲ. ಐದನೆಯ ತರಗತಿಯ ಮೇಷ್ಟ್ರನ್ನು ಮನೆಮನೆಗೆ ಹೋಗಿ ಜನ ಎಣಿಸುವ ಕೆಲಸಕ್ಕೆ ಹಾಕಿ ವಾರವಾಗಿತ್ತು. ಉಳಿದವರು ನಾಲ್ಕು ಜನ, ತರಗತಿ ಏಳು. ಒಂದನ್ನೂ ಮೂರನ್ನೂ ವರಾಂಡದಲ್ಲಿ ಒಟ್ಟಿಗೆ ಕೂರಿಸಿ ಆಗಿತ್ತು, ಆರು ಏಳನ್ನು ಒಂದೇ ಕೋಣೆಗೆ ತುರುಕಿ ಆಗಿತ್ತು. ಬೆಳಗ್ಗೆ ಎದ್ದ ಕೂಡಲೇ ಹಲ್ಲುಜ್ಜುತ್ತ ಅವಳು ಮಾಡುವ ಲೆಕ್ಕವೇ ಇದು, ಯಾರನ್ನು ಎಲ್ಲಿಂದ ಎಬ್ಬಿಸಿ ಎಲ್ಲಿ ಕೂರಿಸಬೇಕು ಎನ್ನುವುದು. ಕೊಡೆ ಒಂದು, ತಲೆ ಎಂಟು ಎಂದು ಗಂಡ ನಗೆಯಾಡುತ್ತಿದ್ದ.

“ಬಸ್ಸು ಇರ್ಲಿ, ನೀನು ಹೋಗಿ ಎರಡನೇ ಕ್ಲಾಸಲ್ಲಿ ಕೂತ್ಕೊ,” ಎಂದಳು ಜವಾನನಿಗೆ. “ಗದರಬೇಡ. ಏನಾದ್ರೂ ಕಥೆ ಹೇಳು.”

“ನನಗೆಲ್ಲಿ ಕಥೆ ಬರುತ್ತೆ ಮೇಡಂ?”

“ನಿಮ್ಮನೆ ಬೆಕ್ಕಿನ ವಿಷಯ ನನ್ನ ಹತ್ರ ದಿನಾ ಹೇಳ್ತೀಯಲ್ಲ, ಅದನ್ನೇ ಹೇಳು.”

ಅವನು ಚೀಲ ಕೆಳಗಿಟ್ಟು, ಯುದ್ಧಕ್ಕೆ ಹೊರಟವನ ಹಾಗೆ ಅಂಗಿಯ ಗುಂಡಿ ಸರಿಮಾಡಿಕೊಂಡು ಹೋದ. ಕಾಗದ ಮೇಜಿನ ಮೇಲೇ ಉಳಿಯಿತು.

ಐದನೆಯ ತರಗತಿಗೆ ಹೋಗೆಂದು ಹೇಳಲು ಅವಳು ವರಾಂಡದ ತುದಿಯ ಸಣ್ಣ ಕೋಣೆಗೆ ನಡೆದಳು. ಆರನೆಯ ಶಿಕ್ಷಕಿ ಅಲ್ಲಿದ್ದಳು. ಮಕ್ಕಳು ಅವಳನ್ನು ಸಣ್ಣ ಮಿಸ್ ಎನ್ನುತ್ತಿದ್ದರು, ಇವಳನ್ನು ದೊಡ್ಡ ಮಿಸ್. ಕೋಣೆಯಿಂದ ಬಂದ ಹೆಸರು ಅದು. ಆಳು ನೋಡಿದರೆ ಸಣ್ಣ ಮಿಸ್ ಇವಳಿಗಿಂತ ಒಂದು ಗೇಣು ಎತ್ತರ, ಒಳಗೆ ಬರುವಾಗ ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಬೇಕು. ಎರಡು ವರ್ಷದ ಹಿಂದೆ ಎಲ್ಲೋ ಒಂದು ಶಾಲೆ ಮುಚ್ಚಿದಾಗ ಇಲ್ಲಿಗೆ ಬಂದವಳು, ಬಂದ ಮೊದಲ ದಿನವೇ, “ಹಿಂದೆ ಉಳಿದ ಮಕ್ಕಳನ್ನ ನನಗೆ ಕೊಡಿ ಮೇಡಂ, ದಿನಕ್ಕೆ ಒಂದೊಂದು ಗಂಟೆ ಸಾಕು,” ಎಂದು ಕೇಳಿದ್ದಳು. ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದ ಉಗ್ರಾಣವನ್ನು ಖಾಲಿ ಮಾಡಿಸಿ ಕೊಟ್ಟದ್ದು ಇವಳೇ. ಕೊಟ್ಟಾಗ ಉದಾರಿಯ ಹಾಗೆ ಕೊಟ್ಟಿದ್ದಳು, ಎಷ್ಟು ಸಲೀಸು, ಒಂದು ಕೋಣೆಯ ಬೀಗದ ಕೈ ಅಷ್ಟೆ. ಅದೇ ವರ್ಷ, ಅದೇ ಕೈಯಿಂದ, ವಾರ್ಷಿಕ ಫಾರಂನ ಹನ್ನೊಂದನೆಯ ಕಾಲಂನಲ್ಲಿ, ‘ಕಲಿಕೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳ ಸಂಖ್ಯೆ’ ಎಂಬಲ್ಲಿ, ಸೊನ್ನೆ ಬರೆದಿದ್ದಳು.

“ಐದನೇ ಕ್ಲಾಸಿಗಾ? ಸರಿ ಮೇಡಂ,” ಎಂದಳು ಸಣ್ಣ ಮಿಸ್. ಕಾಗದ ಬಂದ ವಿಷಯ ಅವಳಿಗೂ ಗೊತ್ತಿತ್ತು, ಮುಖದಲ್ಲಿ ತೋರಿಸಲಿಲ್ಲ. ಮೇಜಿನ ಮೇಲೆ ಹರಡಿದ್ದ ಅಕ್ಷರದ ಚೀಟಿಗಳನ್ನು ಜೋಡಿಸುತ್ತ, “ಇವರ ಹತ್ರ ಯಾರಾದ್ರೂ ಕೂರ್ತಾರಾ?” ಎಂದು ಕೇಳಿದಳು.

“ನಾನೇ ಕೂರ್ತೀನಿ.”

ಸಣ್ಣ ಮಿಸ್ ಒಂದು ಕ್ಷಣ ಅವಳನ್ನು ನೋಡಿದಳು. ಆ ನೋಟದಲ್ಲಿ ಏನೂ ಇರಲಿಲ್ಲ, ಆದರೂ ಇವಳ ಕಿವಿ ಬಿಸಿಯಾಯಿತು. ಎರಡು ವರ್ಷದಲ್ಲಿ ಈ ಕೋಣೆಯೊಳಗೆ ತಾನು ಐದು ನಿಮಿಷ ಕೂತದ್ದುಂಟೆ? ಬಾಗಿಲಲ್ಲಿ ನಿಂತು, “ಹೇಗಿದೆ ಎಲ್ಲಾ?” ಎಂದು ಕೇಳಿ, ಉತ್ತರ ಬರುವ ಮೊದಲೇ ತಲೆಯಾಡಿಸಿ ಹೋಗಿದ್ದೇ ಹೆಚ್ಚು.

ಕುರ್ಚಿ ಗಿಡ್ಡವಾಗಿತ್ತು. ಕೂತರೆ ಮಂಡಿ ಎದೆಗೆ ಬರುತ್ತಿತ್ತು. ಏಳು ಮಕ್ಕಳು ಕೈಕಟ್ಟಿ, ಬಾಯಿಗೆ ಬೀಗ ಹಾಕಿಕೊಂಡು ಅವಳನ್ನೇ ನೋಡಿದರು. ದೊಡ್ಡ ಮಿಸ್ ಕೋಣೆಗೆ ಬಂದಿದ್ದಾರೆ ಎಂದರೆ ಯಾರೋ ಏನೋ ತಪ್ಪು ಮಾಡಿದ್ದಾರೆ ಎಂದರ್ಥ. ಅವರ ನೋಟ ತಪ್ಪಿಸಲು ಅವಳು ಮೇಜಿನ ಮೇಲಿದ್ದ ನೋಟ್‌ಬುಕ್ಕು ತೆರೆದಳು. ಸಣ್ಣ ಮಿಸ್ಸಿನ ಕೈಬರಹ. ಅಂಕಗಳಿರಬಹುದು ಎಂದುಕೊಂಡಿದ್ದಳು, ಅಂಕ ಒಂದೂ ಇರಲಿಲ್ಲ. ಒಂದೊಂದು ಹೆಸರಿಗೆ ಒಂದೊಂದು ಪುಟ. ‘ಕಿಟಕಿಯ ಪಕ್ಕ ಕೂರಿಸಿದರೆ ಓದುತ್ತಾನೆ, ಗೋಡೆ ಕಡೆ ಕೂರಿಸಿದರೆ ಇಲ್ಲ. ಕಣ್ಣು ತೋರಿಸಲು ಅಪ್ಪನಿಗೆ ಹೇಳಬೇಕು.’ ‘ಬೆಳಗ್ಗೆ ತಿಂದು ಬಂದ ದಿನ ಒತ್ತಕ್ಷರ ಬರುತ್ತದೆ.’ ‘ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಸುತ್ತಾರೆ. ತಮ್ಮನನ್ನೂ ಕರೆತಾ ಎಂದಿದ್ದೇನೆ.’ ‘ಇವತ್ತು ತಾನಾಗಿಯೇ ನಕ್ಕಳು.’ ಇಪ್ಪತ್ತಮೂರು ಹೆಸರು. ಅವಳು ಎಣಿಸಿದಳು, ಮತ್ತೆ ಎಣಿಸಿದಳು. ತಾನು ಬರೆದ ಸೊನ್ನೆಯೊಳಗೆ ಇವರೆಲ್ಲ ಮೂರು ವರ್ಷದಿಂದ ಹೇಗೆ ಹಿಡಿಸಿದರು? ಸೊನ್ನೆ ದುಂಡಗಿರುತ್ತದೆ, ಅದರ ಒಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಅದಕ್ಕೇ ಅವಳು ಅದನ್ನು ಆರಿಸಿಕೊಂಡದ್ದು. ಹೆಡ್‌ಮಿಸ್ ಆದ ಮೊದಲ ವರ್ಷ ಅವಳು ಅಲ್ಲಿ ಹದಿನೇಳು ಎಂದು ಬರೆದಿದ್ದಳು, ಪ್ರಾಮಾಣಿಕವಾಗಿ, ಪಾಠದಲ್ಲಿ ಹೇಳಿಕೊಡುವ ಹಾಗೆ. ನಲವತ್ತು ಶಾಲೆಗಳ ಹೆಡ್ಡುಗಳು ಸೇರಿದ್ದ ಸಭೆಯಲ್ಲಿ ಆಗಿನ ಅಧಿಕಾರಿ ಅವಳ ಫಾರಂ ಎತ್ತಿ ಹಿಡಿದು, “ಹದಿನೇಳು ಮಕ್ಕಳಿಗೆ ಓದೋಕೆ ಬರಲ್ಲ ಅಂತ ಬರ್ದಿದ್ದೀರಲ್ಲ ತಾಯಿ, ನಿಮಗೆ ಬರುತ್ತೋ?” ಎಂದಿದ್ದರು. ಸಭೆ ನಕ್ಕಿತು. ಅವಳ ಮುಂದಿನ ಸಾಲಿನ, ಹೊಳೆಯಾಚೆ ಶಾಲೆಯ ಬೋಳುತಲೆಯ ಹೆಡ್‌ಮಾಸ್ಟರು ಕರ್ಚೀಫು ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅದೆಲ್ಲ ಹೋಗಲಿ, ತಾನೂ ನಕ್ಕಿದ್ದಳು. ಎಲ್ಲರ ಜೊತೆ ಸೇರಿಕೊಂಡು, ತನ್ನ ಹದಿನೇಳು ಮಕ್ಕಳನ್ನು ನೋಡಿ, ಹಲ್ಲು ಬಿಟ್ಟು ನಕ್ಕಿದ್ದಳು.

“ಮಿಸ್,” ಎಂದ ಮುಂದಿನ ಹುಡುಗ ಮೆಲ್ಲಗೆ, “ಸಣ್ಣ ಮಿಸ್‌ನ ಕಳಿಸಿಬಿಡ್ತಾರಂತೆ, ಹೌದಾ?”

“ಯಾರು ಹೇಳಿದ್ದು?”

“ಎಲ್ಲರಿಗೂ ಗೊತ್ತು ಮಿಸ್.”

ಅವಳು ನೋಟ್‌ಬುಕ್ಕಿನ ಹಾಳೆ ತಿರುವಿದಳು. ಅದೇ ಹೊತ್ತಿಗೆ ಬಾಗಿಲಲ್ಲಿ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಬಂದು ನಿಂತಾಗ ಅವಳಿಗೆ ಜೀವ ಬಂದ ಹಾಗಾಯಿತು. ಶಾಲೆಯಲ್ಲಿ ಆ ಹುಡುಗಿಯನ್ನು ಎಲ್ಲರೂ ವಕೀಲೆ ಎಂದೇ ಕರೆಯುತ್ತಿದ್ದರು. ಯಾವ ಜಗಳವಿದ್ದರೂ ಎರಡೂ ಕಡೆಯವರ ಪರವಾಗಿ ಅವಳೇ ಮಾತಾಡಿ ಮುಗಿಸುತ್ತಿದ್ದಳು. ಹೋದ ಸಲ ತಪಾಸಣೆಗೆ ಬಂದವರ ಮುಂದೆ ಪಾಠ ಓದಿ ಚಪ್ಪಾಳೆ ಗಿಟ್ಟಿಸಿದವಳು ಅವಳೇ. ಓದಲು ಅವಳನ್ನೇ ನಿಲ್ಲಿಸಿದ್ದು ದೊಡ್ಡ ಮಿಸ್.

“ಸೀಮೆಸುಣ್ಣ ಬೇಕಿತ್ತು,” ಎಂದಳು ವಕೀಲೆ, ಒಳಗೆ ಕೂತವರನ್ನು ನೋಡಿ ತಡವರಿಸಿ. ಎಂದೂ ತಡವರಿಸದ ಹುಡುಗಿ.

“ಬಾ ಮಗು, ಒಳ್ಳೆ ಹೊತ್ತಿಗೆ ಬಂದೆ. ಇವರಿಗೆಲ್ಲ ಒಂದು ಪಾಠ ಓದಿ ತೋರಿಸು. ಹೇಗೆ ಓದ್ಬೇಕು ಅಂತ ಗೊತ್ತಾಗ್ಲಿ.”

ಹುಡುಗಿ ಪುಸ್ತಕ ತೆಗೆದುಕೊಂಡಳು. ಹಾಳೆ ಬಿಡಿಸಿ, ಗಂಟಲು ಸರಿಮಾಡಿ, ಆರಂಭಿಸಿದಳು. ನವಿಲು ಮತ್ತು ಗುಬ್ಬಿಯ ಪಾಠ. ಏರಿಳಿತ, ನಿಲುಗಡೆ, ಗುಬ್ಬಿಗೊಂದು ದನಿ ನವಿಲಿಗೊಂದು ದನಿ. ದೊಡ್ಡ ಮಿಸ್ ತಲೆದೂಗುತ್ತ ಕೂತಳು, ಏಳು ಮಕ್ಕಳು ನೆಲ ನೋಡುತ್ತ ಕೂತರು. ಪುಟದ ಕೊನೆಗೆ ಬಂದಾಗ ಹುಡುಗಿ ಹಾಳೆ ತಿರುವಿದಳು. ಹಳೆಯ ಪುಸ್ತಕ, ಅಂಟು ಬಿದ್ದು ಎರಡು ಹಾಳೆ ಒಟ್ಟಿಗೆ ತಿರುಗಿದವು. ಮುಂದೆ ಬಂದದ್ದು ಬೇರೆಯೇ ಪಾಠ, ಬಾವಿಯ ಚಿತ್ರವಿದ್ದದ್ದು. ಹುಡುಗಿ ಬಾವಿಯ ಪುಟದ ಮೇಲೆ ಬೆರಳೋಡಿಸುತ್ತ ಗುಬ್ಬಿಯ ಮಾತನ್ನೇ ಮುಂದುವರಿಸಿದಳು, ಒಂದಕ್ಷರ ತಪ್ಪದೆ, ಅದೇ ಏರಿಳಿತದಲ್ಲಿ.

ದೊಡ್ಡ ಮಿಸ್ಸಿನ ತಲೆ ದೂಗುವುದು ನಿಂತಿತು. ಮೊದಲು ಅವಳಿಗೆ ಕಂಡದ್ದು ಈ ಹುಡುಗಿಯಲ್ಲ. ಒಂದನೆಯ ತರಗತಿಯಲ್ಲಿದ್ದ ತಾನು, ಒಂದು ಪುಟ್ಟ ಹುಡುಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದು, ಮೇಷ್ಟ್ರ ಕೈಹಿಡಿದು ಮೂರನೆಯ ತರಗತಿಗೆ ಬಂದದ್ದು. “ಓದಮ್ಮ, ನಿಮ್ಮಕ್ಕನಿಗೆ ಕೇಳೋ ಹಾಗೆ ಓದು,” ಎಂದಿದ್ದರು ಮೇಷ್ಟ್ರು. ಅಕ್ಕ ಬೆಂಚಿನ ಮೇಲೆ ನಿಂತಿದ್ದಳು. ಅರ್ಧ ಗಂಟೆಯಿಂದ ನಿಂತಿದ್ದಳೇನೋ, ಕಾಲು ನಡುಗುತ್ತಿತ್ತು. ತಂಗಿ ಓದಿದಳು. ಎಂಥಾ ಹುರುಪು ಅದು, ಒಂದು ಸಾಲು ಓದಿ ತಲೆಯೆತ್ತಿ ಎಲ್ಲರನ್ನೂ ನೋಡುವುದು, ಮತ್ತೊಂದು ಸಾಲು ಓದುವುದು. ಓದುತ್ತ ಅಕ್ಕನನ್ನೂ ನೋಡಿದ್ದಳು. ಅಕ್ಕ ನೆಲ ನೋಡುತ್ತಿರಲಿಲ್ಲ, ತಂಗಿಯನ್ನೇ ನೋಡುತ್ತಿದ್ದಳು, ಆ ನೋಟದಲ್ಲಿ ಏನಿತ್ತು ಎಂದು ನಲವತ್ತೆಂಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಮರುವಾರದಿಂದ ಅಕ್ಕ ಶಾಲೆಗೆ ಬರಲಿಲ್ಲ. ಮನೆಯಲ್ಲಿ ಕೆಲಸಕ್ಕೆ ಕೈ ಬೇಕಾಗಿತ್ತು ಎಂದು ದೊಡ್ಡವರು ಹೇಳಿದರು, ತಂಗಿಗೂ ಅದನ್ನೇ ನಂಬುವುದು ಸುಲಭವಾಗಿತ್ತು.

“ಸಾಕು ಮಗು,” ಎಂದಳು. “ಚೆನ್ನಾಗಿತ್ತು. ಪುಸ್ತಕ ಕೊಡು.”

ಹುಡುಗಿ ಪುಸ್ತಕ ಕೊಡುವಾಗ ಪುಟ ನೋಡಿದಳು, ಬಾವಿಯ ಚಿತ್ರ ಕಂಡಿತು. ಮುಖದ ರಕ್ತವೆಲ್ಲ ಇಳಿದುಹೋಯಿತು. ದೊಡ್ಡ ಮಿಸ್ ಪುಸ್ತಕ ಮುಚ್ಚಿದಳು, ಯಾರಿಗೂ ಕಾಣದ ಹಾಗೆ. ಉಳಿದ ಮಕ್ಕಳಿಗೆ ಚೀಟಿ ಹಂಚಿ, ಅವರವರ ಹೆಸರು ಜೋಡಿಸಲು ಹೇಳಿ, ಹುಡುಗಿಯನ್ನು ವರಾಂಡಕ್ಕೆ ಕರೆದುಕೊಂಡು ಹೋದಳು. ಎರಡನೆಯ ತರಗತಿಯಿಂದ ಗೊಳ್ಳೆಂದು ನಗು ಕೇಳಿಬರುತ್ತಿತ್ತು. ಜವಾನನ ಬೆಕ್ಕು ಏನೋ ದೊಡ್ಡ ಸಾಹಸವನ್ನೇ ಮಾಡಿರಬೇಕು.

ಇಬ್ಬರೂ ಕಂಬಕ್ಕೆ ಒರಗಿ ನಿಂತರು. ಹುಡುಗಿಯೇ ಮೊದಲು, “ಸಣ್ಣ ಮಿಸ್‌ಗೆ ಗೊತ್ತು,” ಎಂದಳು. “ಬೇರೆ ಯಾರಿಗೂ ಹೇಳಲ್ಲ ಅಂದಿದ್ದಾರೆ. ಪುಸ್ತಕದಲ್ಲೂ ನನ್ನ ಹೆಸರು ಬರ್ದಿಲ್ಲ. ದಿನಾ ಎರಡನೇ ಪಿರಿಯಡ್ಡಿಗೆ ಸೀಮೆಸುಣ್ಣ ತರೋಕೆ ಅಂತ ಬರ್ತೀನಿ, ಆಗ ಕಲಿಸ್ತಾರೆ.”

“ಎಷ್ಟು ದಿನದಿಂದ?”

“ತಪಾಸಣೆ ಆದ ಮಾರನೇ ದಿನದಿಂದ.” ಕಂಬದ ಸುಣ್ಣ ಕೆರೆಯುತ್ತ, “ನೀವು ಬೈತೀರಾ?” ಎಂದಳು.

“ಇಲ್ಲ.”

“ಮತ್ತೆ ಯಾಕೆ ಅಳ್ತಿದ್ದೀರಾ?”

“ಧೂಳು,” ಎಂದಳು ದೊಡ್ಡ ಮಿಸ್. ಹುಡುಗಿ ನಂಬಲಿಲ್ಲ. ಆದರೆ ಸಾಕ್ಷಿಯಿಲ್ಲದ ಕೇಸನ್ನು ಅವಳು ಮುಂದುವರಿಸಲಿಲ್ಲ.

ಮಧ್ಯಾಹ್ನದ ಊಟದ ಗಂಟೆಯಾದ ಮೇಲೆ ಅವಳು ಕಾಗದವನ್ನು ತಾನೇ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಏನು ಮಾಡಬೇಕು ಎನ್ನುವುದು ಇನ್ನೂ ತಿಳಿದಿರಲಿಲ್ಲ, ಅದನ್ನು ತಾನೇ ಕೊಂಡೊಯ್ಯಬೇಕು ಎನ್ನುವುದಷ್ಟೇ ತಿಳಿದಿತ್ತು. ಸಹಿ ಆಗಿತ್ತಲ್ಲ. ಸಹಿ ಆದದ್ದನ್ನು ಹಿಂದಕ್ಕೆ ತೆಗೆದುಕೊಂಡವರನ್ನು ಅವಳು ನೋಡಿರಲಿಲ್ಲ. ನಿವೃತ್ತಿಗೆ ಆರು ವರ್ಷವಿತ್ತು, ಆರು ವರ್ಷ ಕಣ್ಣು ತಗ್ಗಿಸಿ ನಡೆದರೆ ದಡ ಸೇರುತ್ತಿದ್ದಳು. ಸೊನ್ನೆ ಬರೆದವರು ತಾನೊಬ್ಬಳೇ ಅಲ್ಲ, ಎಲ್ಲರೂ ಬರೆಯುತ್ತಾರೆ. ಈ ಸಮಾಧಾನವನ್ನು ಅವಳು ಕಿಟಕಿಯ ಗಾಳಿಗೆ ಹತ್ತು ಸಲ ಹೇಳಿಕೊಂಡಳು, ಹತ್ತನೆಯ ಸಲಕ್ಕೆ ಅದು ತೀರಾ ತೆಳ್ಳಗಾಗಿತ್ತು. ಫೋನು ತೆಗೆದಳು. ಅಕ್ಕನಿಗೆ ಫೋನು ಮಾಡುವುದು ಭಾನುವಾರ ಮಾತ್ರ. ಕೆಲಸದ ದಿನ ಮಾಡಿದರೆ ಅಕ್ಕ ಗಾಬರಿಯಾಗುತ್ತಾಳೆ.

“ಯಾಕೇ, ಏನಾಯ್ತು? ಹುಷಾರಾಗಿದ್ದೀಯಾ?”

“ಹುಷಾರಾಗಿದ್ದೀನಿ ಅಕ್ಕ. ಸುಮ್ನೆ ಮಾಡ್ದೆ. ಅಕ್ಕ, ನಿನಗೆ ನೆನಪಿದೆಯಾ, ನೀನು ಮೂರನೇ ಕ್ಲಾಸಲ್ಲಿದ್ದಾಗ ಮೇಷ್ಟ್ರು ನನ್ನನ್ನ ಕರ್ಕೊಂಡು ಬಂದು ನಿನ್ನ ಮುಂದೆ ಓದಿಸಿದ್ದು?”

ಆ ಕಡೆ ಪಾತ್ರೆಯ ಸದ್ದು ನಿಂತಿತು. “ಇದೆಯಲ್ಲ. ಯಾಕೆ ಈಗ?”

“ನಾನು ಓದಬಾರದಿತ್ತು.”

“ಅಯ್ಯೋ ಹುಚ್ಚಿ. ಆರು ವರ್ಷದ ಮಗು, ಓದು ಅಂದ್ರು, ಓದ್ದೆ. ಎಷ್ಟು ಚೆನ್ನಾಗಿ ಓದಿದೆ ಗೊತ್ತಾ? ಕಾಲು ನೋಯ್ತಾ ಇತ್ತು, ಆದ್ರೂ ನನಗೆ ಹೆಮ್ಮೆ ಆಗ್ತಿತ್ತು ಕಣೇ, ನನ್ನ ತಂಗಿ ಅಂತ.” ಕಂಡಕ್ಟರು ಬಂದು ಟಿಕೆಟು ಹರಿದು ಕೊಟ್ಟು ಹೋದ. “ನನಗೆ ಬೇಜಾರು ಆಗಿದ್ದು ಅದಕ್ಕಲ್ಲ. ಅಷ್ಟು ದಿನ ನಿಲ್ಸಿದ್ರಲ್ಲ, ಯಾಕೆ ಬರಲ್ಲ ನಿನಗೆ, ಏನು ಕಷ್ಟ ಆಗುತ್ತೆ ಅಂತ ಒಬ್ರಾದ್ರೂ ನನ್ನ ಕೇಳ್ಲಿಲ್ಲ ನೋಡು. ಅಪ್ಪ ಮೇಷ್ಟ್ರನ್ನ ಕೇಳಿದ್ರು, ಮೇಷ್ಟ್ರು ನಿನ್ನ ಕೇಳಿದ್ರು. ನನ್ನ ಕೇಳಿದ್ರೆ ಹೇಳ್ತಿದ್ದೆ.”

“ಏನು ಹೇಳ್ತಿದ್ದೆ?”

“ಅಕ್ಷರ ಎಲ್ಲಾ ಒಂದರ ಮೇಲೊಂದು ಕೂತ ಹಾಗೆ ಕಾಣುತ್ತೆ, ಸ್ವಲ್ಪ ಬಿಡಿಸಿ ಕೊಡಿ ಅಂತ. ಈಗ್ಲೂ ಹಾಗೇ ಕಾಣುತ್ತೆ. ಸರಿ, ಒಲೆ ಮೇಲೆ ಇಟ್ಟಿದ್ದೀನಿ, ಇಡ್ಲಾ?”

ಅಕ್ಕ ಫೋನಿಟ್ಟ ಮೇಲೂ ಅವಳು ಅದನ್ನು ಕಿವಿಗೆ ಹಿಡಿದೇ ಕೂತಿದ್ದಳು. ನಲವತ್ತೆಂಟು ವರ್ಷ ಹೊತ್ತು ತಿರುಗಿದ ತಪ್ಪು ಅವಳದ್ದಲ್ಲವಂತೆ. ಹಗುರಾಗಬೇಕಿತ್ತು. ಆದರೆ ಅದರ ಜಾಗದಲ್ಲಿ ಬೇರೊಂದು, ಸರಿಯಾಗಿ ಅವಳದ್ದೇ ಆದ ತಪ್ಪು ಬಂದು ಕೂತಿತು. ವಿಚಿತ್ರವೆಂದರೆ ಇದನ್ನು ಹೊರುವುದು ಅಷ್ಟು ಕಷ್ಟವೆನಿಸಲಿಲ್ಲ. ಇದಕ್ಕೆ ಕೈಯಿಂದ ಏನಾದರೂ ಮಾಡಬಹುದಿತ್ತು.

ಕಚೇರಿಯಲ್ಲಿ ಗುಮಾಸ್ತ ತಲೆಯೆತ್ತದೆ ತಂತಿಯ ಬುಟ್ಟಿ ತೋರಿಸಿದ. “ಅಲ್ಲಿಟ್ಟು ಹೋಗಿ ಮೇಡಂ.” ಬುಟ್ಟಿಯಲ್ಲಿ ಆಗಲೇ ಹತ್ತು ಹನ್ನೆರಡು ಕಾಗದಗಳಿದ್ದವು, ಎಲ್ಲವೂ ಒಂದೇ ಅಚ್ಚಿನವು, ಕೆಳಗಿನ ಸಹಿ ಮಾತ್ರ ಬೇರೆ. ಅವಳು ಕಾಗದವನ್ನು ಬುಟ್ಟಿಯ ಮೇಲೆ ಹಿಡಿದಳು. ಬೆರಳು ಬಿಟ್ಟರೆ ಸಾಕಿತ್ತು.

“ಸಾಹೇಬರನ್ನ ನೋಡ್ಬೇಕಿತ್ತು,” ಎಂದಳು.

“ಇದಕ್ಕೆಲ್ಲ ನೋಡೋದು ಏನೂ ಇಲ್ಲ ಮೇಡಂ.”

“ಇದೆ.”

ಬೆಂಚಿನ ಮೇಲೆ ಹೊಳೆಯಾಚೆ ಶಾಲೆಯ ಬೋಳುತಲೆಯ ಹೆಡ್‌ಮಾಸ್ಟರು ಕೂತಿದ್ದರು, ಅವರ ಮಡಿಲಲ್ಲೂ ಅದೇ ಕಾಗದ. ನಮಸ್ಕಾರ ಎಂದರು, ಇವಳೂ ಎಂದಳು. ಅವರ ಪಕ್ಕದಲ್ಲಿ ಕೂರಲು ಮನಸ್ಸಾಗದೆ ನಿಂತೇ ಇದ್ದಳು. ಅರ್ಧ ಗಂಟೆಯ ಮೇಲೆ ಒಳಗಿನಿಂದ ಕರೆ ಬಂತು. ಹೊಸ ಅಧಿಕಾರಿ ಹೆಂಗಸು, ಇವಳಿಗಿಂತ ಹದಿನೈದು ವರ್ಷವಾದರೂ ಚಿಕ್ಕವಳು, ಮೇಜಿನ ಮೇಲೆ ಅರ್ಧ ಕುಡಿದ ಚಹಾ ಆರಿ ಕೆನೆಗಟ್ಟಿತ್ತು. ಬಾಗಿಲು ತೆರೆದೇ ಇತ್ತು.

“ಸಹಿ ಹಾಕಿದ್ದೀರಲ್ಲ. ಮತ್ತೇನು?”

“ತಪ್ಪಾಗಿ ಹಾಕಿದೆ. ಹೊಡೆದು ಹಾಕ್ಬೇಕು. ನೆರವು ಬೇಕಾದ ಮಕ್ಕಳು ನಮ್ಮಲ್ಲಿ ಇಪ್ಪತ್ನಾಲ್ಕು ಜನ ಇದ್ದಾರೆ.”

ಅಧಿಕಾರಿ ಫೈಲು ತರಿಸಿದಳು. ಒಂದೊಂದೇ ವರ್ಷದ ಹಾಳೆ ತಿರುವಿ ಹನ್ನೊಂದನೆಯ ಕಾಲಂನ ಮೇಲೆ ಬೆರಳಿಟ್ಟಳು. “ಹೋದ ವರ್ಷ ಸೊನ್ನೆ. ಅದರ ಹಿಂದೆ ಸೊನ್ನೆ. ಅದರ ಹಿಂದೇನೂ ಸೊನ್ನೆ. ಇದ್ದಕ್ಕಿದ್ದ ಹಾಗೆ ಇಪ್ಪತ್ನಾಲ್ಕು ಹೇಗಾಯ್ತು ಮೇಡಂ? ಟೀಚರ್ ಹೋಗ್ತಾರೆ ಅಂತ ಗೊತ್ತಾದ ಮೇಲೆ ಮಕ್ಕಳು ಹುಟ್ಟಿಕೊಂಡ್ರಾ?”

“ಆಗ್ಲೂ ಇದ್ರು. ನಾನು ಬರೀಲಿಲ್ಲ.”

“ಯಾಕೆ?”

ಉತ್ತರ ಸಿದ್ಧವಿತ್ತು. ಆ ಸಭೆ, ಆ ಅಧಿಕಾರಿ, ಆ ನಗು. ಬಸ್ಸಿನಲ್ಲಿ ಮೂರು ಸಲ ಮನಸ್ಸಿನಲ್ಲೇ ಹೇಳಿ ನೋಡಿದ್ದಳು, ಕೇಳಿದವರ ಕಣ್ಣಲ್ಲೂ ನೀರು ಬರುವ ಹಾಗಿತ್ತು. ಹೊರಗೆ ಬೆಂಚಿನಿಂದ ಬೋಳುತಲೆಯವರು ಕತ್ತು ಚಾಚಿ ಕೇಳುತ್ತಿರುವುದು ಕಾಣುತ್ತಿತ್ತು. ಯಾಕೋ ಅದೆಲ್ಲ ಬಾಯಿಗೆ ಬರಲಿಲ್ಲ.

“ನನ್ನ ಮರ್ಯಾದೆ ನೋಡ್ಕೊಂಡೆ,” ಎಂದಳು.

ಅಧಿಕಾರಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. “ಇದನ್ನ ಹೀಗೇ ಬರೆದು ಕೊಡ್ತೀರಾ? ಕೊಟ್ರೆ ನಿಮಗೆ ನೋಟಿಸು ಬರುತ್ತೆ. ನಾನೇ ಕಳಿಸ್ಬೇಕಾಗುತ್ತೆ, ಬೇರೆ ದಾರಿಯಿಲ್ಲ.”

“ಕಳಿಸಿ.”

“ಹೆಸರಿನ ಪಟ್ಟಿ ಕೊಡಿ.”

“ಇಪ್ಪತ್ತಮೂರು ಹೆಸರು ಈಗ್ಲೇ ಬರೆದು ಕೊಡ್ತೀನಿ. ಇಪ್ಪತ್ನಾಲ್ಕನೇದಕ್ಕೆ ಕೇಳಿಕೊಂಡು ಬರ್ಬೇಕು.”

“ಯಾರನ್ನ? ಪೋಷಕರನ್ನಾ?”

“ಪೋಷಕರನ್ನೂ ಕೇಳ್ತೀನಿ. ಮೊದಲು ಆ ಮಗುವನ್ನ.”

ಅಧಿಕಾರಿ ನಗಲಿಲ್ಲ. “ನಾಳೆ ಸಂಜೆಯೊಳಗೆ ಪೂರ್ತಿ ಪಟ್ಟಿ ಬರ್ಲಿ,” ಎಂದಳು. “ಬುಧವಾರ ನಾನೇ ಬಂದು ಮಕ್ಕಳನ್ನ ನೋಡ್ತೀನಿ. ಪಟ್ಟಿ ನಿಜ ಆಗಿದ್ರೆ ಈ ವರ್ಷ ಮುಗಿಯೋವರೆಗೂ ಆ ಟೀಚರನ್ನ ಕದಲಿಸಲ್ಲ. ಅದರಾಚೆ ನನ್ನ ಕೈಲಿಲ್ಲ, ಮೇಲಕ್ಕೆ ಬರೀತೀನಿ.” ಫೈಲು ಮುಚ್ಚುತ್ತ, “ನಿಮ್ಮಲ್ಲಿ ಇನ್ನೊಬ್ರು ಹೆರಿಗೆ ರಜೆಯಲ್ಲಿದ್ದಾರಲ್ಲ, ಬದಲಿ ಕೇಳಿದ್ದೀರಾ?” ಎಂದು ವಿಚಾರಿಸಿದಳು.

“ಮೂರು ಸಲ. ಈಗ ಆ ಕ್ಲಾಸನ್ನ ನಮ್ಮ ಜವಾನ ನೋಡ್ಕೊಳ್ತಿದ್ದಾನೆ.”

“ಏನು ಕಲಿಸ್ತಾನೆ?”

“ಬೆಕ್ಕಿನ ವಿಷಯ.”

ಈಗ ಅಧಿಕಾರಿ ನಕ್ಕಳು. ನಕ್ಕು, “ಬದಲಿ ಬೇಕು ಅಂತ ಇನ್ನೊಂದ್ಸಲ ಬರೀರಿ. ಬುಟ್ಟಿಗೆ ಹಾಕ್ಬೇಡಿ, ನನ್ನ ಕೈಗೇ ಕೊಡಿ,” ಎಂದಳು.

ಹೊರಗೆ ಬಂದು ಗುಮಾಸ್ತನ ಮೇಜಿನ ಮೂಲೆಯಲ್ಲಿ ನಿಂತೇ ತನ್ನ ಹೇಳಿಕೆ ಬರೆದಳು. ಮೂರು ವರ್ಷ ತಪ್ಪು ಮಾಹಿತಿ ಕೊಟ್ಟಿದ್ದೇನೆ ಎಂಬ ಸಾಲು ಬರೆಯುವಾಗ ಅಕ್ಷರಗಳು ದೊಡ್ಡದಾಗಿ ಬಂದವು, ಮಕ್ಕಳಿಗೆ ಕಾಪಿ ಬರೆಸುವ ಹಾಗೆ. ಮುಗಿಸಿ ತಿರುಗಿದರೆ ಬೋಳುತಲೆಯ ಹೆಡ್‌ಮಾಸ್ಟರು ಹಿಂದೆಯೇ ನಿಂತಿದ್ದರು.

“ಮೇಡಂ,” ಎಂದರು ದನಿ ತಗ್ಗಿಸಿ, “ಆ ಒಕ್ಕಣೆ ಸ್ವಲ್ಪ ತೋರಿಸ್ತೀರಾ? ಹೇಗೆ ಶುರು ಮಾಡಿದ್ರಿ ಅಂತ. ನಮ್ಮಲ್ಲಿ ಮೂವತ್ತೊಂದು ಜನ ಇದ್ದಾರೆ.” ಮಡಿಲಿಂದ ತಂದ ಕಾಗದ ಅವರ ಕೈಯಲ್ಲಿ ಬೆವರಿಗೆ ಮುದುರಿತ್ತು. ನಕ್ಕ ದಿನದ ನೆನಪು ಅವರಿಗೆ ಇತ್ತೋ ಇಲ್ಲವೋ. ಇವಳು ಕೇಳಲಿಲ್ಲ. ಬರೆದದ್ದನ್ನು ಅವರ ಕೈಗೆ ಕೊಟ್ಟು, ಅವರು ನಕಲು ಮಾಡಿಕೊಳ್ಳುವವರೆಗೂ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು.

ಮಾರನೆಯ ದಿನ ಅವಳು ಶಾಲೆಗೆ ಬಂದಾಗ ಸಣ್ಣ ಕೋಣೆಯ ಬಾಗಿಲು ತೆರೆದಿತ್ತು. ಸಣ್ಣ ಮಿಸ್ ಗೋಡೆಯ ಮೇಲಿನ ಚಿತ್ರಗಳನ್ನು ಬಿಚ್ಚಿ, ಚೀಟಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಮೇಲೆ ದಾರ ಕಟ್ಟುತ್ತಿದ್ದಳು.

“ಬಿಚ್ಚು ಅದನ್ನ,” ಎಂದಳು ದೊಡ್ಡ ಮಿಸ್. “ಈ ವರ್ಷ ನೀನೆಲ್ಲೂ ಹೋಗಲ್ಲ.”

ಸಣ್ಣ ಮಿಸ್ ದಾರದ ಗಂಟಿನ ಮೇಲೆ ಬೆರಳಿಟ್ಟು ಹಾಗೇ ನಿಂತಳು. ದೊಡ್ಡ ಮಿಸ್ ಬಾಗಿಲಲ್ಲಿ ನಿಂತು ಮಾತಾಡುವ ಅಭ್ಯಾಸ ಬಿಟ್ಟು ಒಳಗೆ ಬಂದು ಗಿಡ್ಡ ಕುರ್ಚಿಯಲ್ಲಿ ಕೂತಳು. “ನಿನ್ನ ಮಕ್ಕಳು ಇಲ್ಲವೇ ಇಲ್ಲ ಅಂತ ವರ್ಷಾವರ್ಷ ಬರೀತಿದ್ದೆ ನಾನು.”

“ಗೊತ್ತಿತ್ತು ಮೇಡಂ.”

“ಗೊತ್ತಿತ್ತಾ? ಮತ್ತೆ ಯಾಕೆ ಕೇಳ್ಲಿಲ್ಲ?”

“ಕೋಣೆ ಕೊಟ್ಟಿದ್ರಲ್ಲ,” ಎಂದಳು ಸಣ್ಣ ಮಿಸ್. “ಕೇಳಿದ್ರೆ ಅದೂ ಹೋಗುತ್ತೇನೋ ಅಂತ.” ಗಂಟು ಬಿಚ್ಚಲು ಬಾರದೆ ಹಲ್ಲಿನಿಂದ ಎಳೆದಳು. ಇಬ್ಬರೂ ಸೇರಿ ಚಿತ್ರಗಳನ್ನು ಮತ್ತೆ ಅಂಟಿಸಿದರು, ಎತ್ತರದವು ಸಣ್ಣ ಮಿಸ್, ತಗ್ಗಿನವು ದೊಡ್ಡ ಮಿಸ್.

ಶಾಲೆ ಶುರುವಾಗಲು ಇನ್ನು ಐದು ನಿಮಿಷವಿರುವಾಗ ವಕೀಲೆಯನ್ನು ಕರೆಸಿದಳು. ಹುಡುಗಿ ಬಂದು ಕೈ ಹಿಂದೆ ಕಟ್ಟಿ ನಿಂತಳು. ದೊಡ್ಡ ಮಿಸ್ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಒಂದು ಪಟ್ಟಿ ಮಾಡಬೇಕಾಗಿದೆ, ಪಟ್ಟಿಯಿದ್ದರೆ ಸಣ್ಣ ಮಿಸ್ ಉಳಿಯುತ್ತಾರೆ, ಇಪ್ಪತ್ತಮೂರು ಹೆಸರು ಆಗಿದೆ, ನಿನ್ನ ಹೆಸರಿಲ್ಲದೆಯೂ ನಡೆಯುತ್ತದೆ. “ನೀನು ಬೇಡ ಅಂದ್ರೆ ಬರೆಯಲ್ಲ. ಯಾರಿಗೂ ಹೇಳೋದೂ ಇಲ್ಲ. ಹೀಗೇ ಸೀಮೆಸುಣ್ಣಕ್ಕೆ ಬರ್ತಾ ಇರು.”

ಹುಡುಗಿ ಯೋಚಿಸಿದಳು. ಹುಬ್ಬು ಗಂಟಿಕ್ಕಿ, ಮೇಜಿನ ಮೇಲಿದ್ದ ಪಟ್ಟಿಯನ್ನು ತಲೆಕೆಳಗಾಗಿಯೇ ನೋಡಿದಳು. “ಮೇಲೆ ಏನಂತ ಬರ್ದಿದೆ?”

“ಹೆಚ್ಚಿನ ನೆರವು ಬೇಕಾದ ಮಕ್ಕಳು, ಅಂತ.”

“ಅದು ಬೇಡ.”

“ಮತ್ತೆ?”

“ನೆರವು ತಗೊಳ್ತಿರೋ ಮಕ್ಕಳು, ಅಂತ ಬರೀರಿ. ಬೇಕಾದವರು ಅಂದ್ರೆ ಸುಮ್ನೆ ಕೂತಿದ್ದಾರೆ ಅಂದ್ಕೋತಾರೆ. ನಾವೇನು ಸುಮ್ನೆ ಕೂತಿದ್ದೀವಾ?”

ಸಣ್ಣ ಮಿಸ್ ಕಿಟಕಿಯ ಕಡೆ ಮುಖ ತಿರುಗಿಸಿ ನಗು ನುಂಗಿಕೊಂಡಳು. ಕಚೇರಿಯ ಅಚ್ಚಿನ ಶೀರ್ಷಿಕೆಯನ್ನು ಬದಲಾಯಿಸಬಹುದೋ ಬಾರದೋ ದೊಡ್ಡ ಮಿಸ್ಸಿಗೆ ತಿಳಿಯದು. ನೋಟಿಸು ಹೇಗೂ ಬರುವುದಿತ್ತು, ಅದಕ್ಕೆ ಇದೂ ಒಂದು ಸೇರಲಿ ಎಂದುಕೊಂಡಳು. ಹಳೆಯ ಸಾಲಿನ ಮೇಲೆ ಅಡ್ಡಗೆರೆ ಎಳೆದು ಹುಡುಗಿ ಹೇಳಿದಂತೆಯೇ ಬರೆದಳು, ಓದಿ ಹೇಳಿದಳು.

“ಈಗ ನಿನ್ನ ಹೆಸರು ಬರೀಲಾ?”

“ನಾನೇ ಬರೀತೀನಿ,” ಎಂದಳು ಹುಡುಗಿ. ಪೆನ್ನು ತೆಗೆದುಕೊಂಡು ಮೇಜಿನ ಮೇಲೆ ಬಗ್ಗಿದಳು, ನಾಲಿಗೆಯ ತುದಿ ತುಟಿಯಾಚೆ ಬಂತು. ಮೊದಲ ಅಕ್ಷರ ಬಂತು. ಎರಡನೆಯದು ಸಾಲು ಬಿಟ್ಟು ಕೊಂಚ ಮೇಲೆ ಹೋಯಿತು. ಮೂರನೆಯದಕ್ಕೆ ಒತ್ತಿತ್ತು; ಅಲ್ಲಿ ಪೆನ್ನು ನಿಂತಿತು. ಬಾಗಿಲಲ್ಲಿ ಜವಾನ ಸುತ್ತಿಗೆ ಹಿಡಿದು ಬಂದು, “ಮೇಡಂ, ಹೊತ್ತಾಯ್ತು, ಗಂಟೆ ಹೊಡೀಲಾ?” ಎಂದ.

“ತಡಿಯಪ್ಪ,” ಎಂದಳು ದೊಡ್ಡ ಮಿಸ್.

ಹೊರಗೆ ಮಕ್ಕಳು ಸಾಲಾಗಿ ನಿಂತು ಗಂಟೆಗೆ ಕಾಯುತ್ತಿದ್ದರು, ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಸಣ್ಣ ಮಿಸ್ಸಿನ ಬಾಯಿ ತುದಿಯಲ್ಲಿ ಅಕ್ಷರ ಸಿದ್ಧವಾಗಿತ್ತು, ದೊಡ್ಡ ಮಿಸ್ಸಿನ ಬಾಯಲ್ಲೂ ಇತ್ತು, ಇಬ್ಬರೂ ಹೇಳಲಿಲ್ಲ. ಹುಡುಗಿ ಗಾಳಿಯಲ್ಲಿ ಬೆರಳಿನಿಂದ ಒಮ್ಮೆ ತಿದ್ದಿ ನೋಡಿದಳು, ತಲೆ ಅಲ್ಲಾಡಿಸಿದಳು, ಇನ್ನೊಮ್ಮೆ ತಿದ್ದಿದಳು. ಆಮೇಲೆ ಪೆನ್ನನ್ನು ಬಿಗಿಯಾಗಿ ಹಿಡಿದು ಒತ್ತನ್ನು ಎಳೆದಳು. ಬರೆದದ್ದರ ಕೆಳಗೆ ಬೆರಳಿಟ್ಟು, ಮೊದಲಿನಿಂದ ಒಂದೊಂದೇ ಅಕ್ಷರವನ್ನು ತನಗೆ ತಾನೇ ಓದಿಕೊಂಡಳು. ತಲೆಯೆತ್ತಿ ಜವಾನನನ್ನು ನೋಡಿದಳು.

“ಆಯ್ತು ಮಾಮ,” ಎಂದಳು. “ಈಗ ಹೊಡೀರಿ.”